ಭೀಮುನಿಪಟ್ಟಣದ ವರ್ತಕರು

ಗೋಸ್ತನೀ ನದಿಯು ಬಂಗಾಳಕೊಲ್ಲಿಯನ್ನು ಸೇರುವೆಡೆಯಲ್ಲಿ, ವಿಶಾಖಪಟ್ಟಣದ ಈಶಾನ್ಯಕ್ಕಿರುವ ಭೀಮುನಿಪಟ್ಟಣದಲ್ಲಿ, ಹದಿನೇಳನೆಯ ಶತಮಾನದಲ್ಲಿ ಡಚ್ಚರು ಕೋಠಿಯನ್ನು ಸ್ಥಾಪಿಸಿದುದು ಮುಖ್ಯವಾಗಿ ಬಟ್ಟೆಯ ವ್ಯಾಪಾರಕ್ಕಾಗಿ; ಏಕೆಂದರೆ ಪೂರ್ವದ್ವೀಪಗಳ ಜನರು ತಮ್ಮ ಲವಂಗ, ಜಾಯಿಕಾಯಿಗಳಿಗೆ ಪ್ರತಿಯಾಗಿ ಬಯಸುತ್ತಿದ್ದುದು ಕೋರಮಂಡಲ ತೀರದ ವಸ್ತ್ರಗಳನ್ನು.

ನಾಡಿನ ನುಡಿಯನ್ನಾಗಲಿ ನಡೆಯನ್ನಾಗಲಿ ಚೆನ್ನಾಗಿ ಅರಿಯದ ಆ ಪರದೇಶೀಯರಿಗೂ ಒಳನಾಡಿನ ಮಗ್ಗಗಳಿಗೂ ನಡುವೆ ಸೇತುವಾಗಿ ನಿಂತವನು ಸ್ಥಳೀಯ ವರ್ತಕ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಮುಂಗಡವನ್ನು ನೇಕಾರರಿಗೆ ಹಂಚಿ, ಮಾದರಿಗೊಪ್ಪುವ ಬಟ್ಟೆಯನ್ನು ಹಡಗು ಹೊರಡುವ ಮುನ್ನ ತಂದೊಪ್ಪಿಸುವುದು ಅವನ ಹೊಣೆ. ಕ್ಷಾಮ ಬಂದು ಅಕ್ಕಿಯ, ಹತ್ತಿಯ ಬೆಲೆಗಳೇರಿದರೆ ಮುಂಗಡವೇ ಮುಳುಗುವ ಭಯವಿದ್ದುದರಿಂದ, ಈ ತೀರದ ಹಲವು ಬಂದರುಗಳಲ್ಲಿ ಡಚ್ಚರ ಪ್ರೇರಣೆಯಿಂದ ವರ್ತಕರು ಬಂಡವಾಳವನ್ನು ಕೂಡಿಸಿ ಸಂಘಗಳನ್ನು ಕಟ್ಟಿದರು. ಅಂತಹ ಸಂಘದ ಮುಖಂಡನಾಗುವವನಿಗೆ ಧನವೊಂದೇ ಸಾಲದು. ಕೋಠಿಯ ಅಧಿಕಾರಿಗೆ ಅವನ ಲೆಕ್ಕದಲ್ಲಿಯೂ ನೇಕಾರನಿಗೆ ಅವನ ಮಾತಿನಲ್ಲಿಯೂ ಸಮಾನವಾದ ವಿಶ್ವಾಸವಿರಬೇಕಾಗಿತ್ತು.

1825ರಲ್ಲಿ ಪಟ್ಟಣವು ಆಂಗ್ಲರ ವಶವಾಯಿತು. ಡಚ್ಚರ ಗೋರಿಗಳು ಇಂದಿಗೂ ಇಲ್ಲಿವೆ. ಆದರೆ ಅವರ ವಾಣಿಜ್ಯವನ್ನು ನಡೆಸಿಕೊಟ್ಟ ವರ್ತಕರ ನಾಯಕತ್ವವು, ಪದವಿಯಿಂದಲ್ಲದೆ ಉಭಯಪಕ್ಷಗಳ ನಂಬಿಕೆಯಿಂದ ಲಭಿಸಿದುದಾದ್ದರಿಂದ, ಇತಿಹಾಸಕಾರನ ಗಮನಕ್ಕೆ ಕೋಟೆಕೊತ್ತಲಗಳಷ್ಟೇ ಅರ್ಹವಾದುದು.