ಸಾತಾರದ ಸೋದರತ್ತೆ

ಬಾಲಕ ಭೀಮರಾವ್ ಮತ್ತು ಜೊತೆಗಾರರು ಮಸೂರು ಸ್ಟೇಷನ್ನಿನಲ್ಲಿ ಇಳಿದದ್ದು, ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಗಾಡಿಯವರು ಒಲ್ಲೆ ಅಂದದ್ದು, ಬುತ್ತಿಯಿದ್ದೂ ನೀರಿಲ್ಲದೆ ಹಸಿದು ಮಲಗಿದ್ದು ನಮಗೆಲ್ಲ ಗೊತ್ತು. ಸಭೆಗಳಲ್ಲಿ ಹೇಳಿದ್ದೇವೆ, ಶಾಲೆಗಳಲ್ಲಿ ಪಾಠ ಮಾಡಿದ್ದೇವೆ. ಆದರೆ ಆ ಮಕ್ಕಳು ಯಾರ ಆಸರೆಯಿಂದ ಹೊರಟು ಬಂದರು? ನಾವು ಕೇಳಲೇ ಇಲ್ಲ.

ಕೇಳೋಣ. ಅದು 1901ರ ಸುಮಾರು. ತಾಯಿ ಭೀಮಾಬಾಯಿ ಆಗಲೇ ತೀರಿಕೊಂಡಿದ್ದರು. ಬರಗಾಲ. ಹಸಿದವರಿಗೆ ಕೂಲಿ ಕೊಡಲು ಸರ್ಕಾರ ಕೆರೆ ತೋಡಿಸುತ್ತಿದ್ದ ಊರಲ್ಲಿ ತಂದೆಗೆ ಕ್ಯಾಷಿಯರ್ ಕೆಲಸ. ಸಾತಾರದ ಮನೆಯಲ್ಲಿ ನಾಲ್ಕು ಹುಡುಗರು: ಭೀಮರಾವ್, ಅಣ್ಣ, ತೀರಿಹೋಗಿದ್ದ ಹಿರಿಯಕ್ಕನ ಇಬ್ಬರು ಮಕ್ಕಳು. ನೋಡಿಕೊಳ್ಳಲು ಸೋದರತ್ತೆ ಮೀರಾಬಾಯಿ, ಜೊತೆಗೆ ಅಕ್ಕಪಕ್ಕದ ಕೆಲವರು.

'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರು ಆಕೆಯನ್ನು ಮರೆತಿಲ್ಲ. ಆಕೆಯಷ್ಟು ಕರುಣೆಯುಳ್ಳ ಜೀವವನ್ನು ಕಂಡಿಲ್ಲ ಅನ್ನುತ್ತಾರೆ. ಅದೇ ಉಸಿರಿನಲ್ಲಿ ಇನ್ನೊಂದು ಸತ್ಯ ಹೇಳುತ್ತಾರೆ: ಆಕೆಯಿಂದ ನೆರವಾಗಲು ಆಗುತ್ತಿರಲಿಲ್ಲ. ಗಿಡ್ಡ ದೇಹ, ಕಾಲುಗಳಲ್ಲಿ ತೊಂದರೆ. ಎಷ್ಟೋ ಸಲ ಬೇರೆಯವರೇ ಎತ್ತಿ ಕೂರಿಸಬೇಕಿತ್ತು. ಶಾಲೆಗೆ ಹೋಗುವ ಹುಡುಗರೇ ಒಲೆ ಹೊತ್ತಿಸಿದರು. ರೊಟ್ಟಿ ಮಾಡಲು ಬರದೆ, ಅಕ್ಕಿ ಮಾಂಸ ಒಟ್ಟಿಗೆ ಬೇಯಿಸಿ ಉಂಡರು. ಅವರು ತಂದೆಯನ್ನು ನೋಡಲು ಹೊರಟಾಗ ಅತ್ತೆ ಗೋಳಾಡಿ ಅತ್ತಳು.

ಗೆಳೆಯರೇ, ಇದನ್ನು ತ್ಯಾಗದ ಕತೆ ಮಾಡಿ ಕೈ ಮುಗಿಯುವುದು ಸುಲಭ. ಅತ್ತೆಗೆ ಅಂತಃಕರಣ ಇತ್ತು, ಕೈಯಲ್ಲಿ ಬಲ ಇರಲಿಲ್ಲ. ಆ ಬಲ ಕೊಡಬೇಕಾದವರು ಯಾರು?

ಆ ಕಾಲದಲ್ಲಿ ಕಾಯ್ದೆ ಇರಲಿಲ್ಲ ಅಂತಲ್ಲ. 1890ರಲ್ಲೇ ಪೋಷಕರ ಮತ್ತು ಪಾಲ್ಯರ ಕಾಯ್ದೆ ಬಂದಿತ್ತು. ಮಗುವಿಗೂ ಅದರ ಆಸ್ತಿಗೂ ಕೋರ್ಟು ಪೋಷಕರನ್ನು ನೇಮಿಸಬಹುದಿತ್ತು. ಆಸ್ತಿಯೇ ಇಲ್ಲದ ಮಗುವನ್ನು ಸಾಕುವವಳಿಗೆ ಸರ್ಕಾರ ಕಾಸು ಕೊಡಬೇಕು ಅನ್ನುವ ಮಾತು ಅದರಲ್ಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಈ ಮಾತು ನಿಧಾನವಾಗಿ ಬಂತು. 2005ರಲ್ಲಿ ರಾಜಸ್ಥಾನ 'ಪಾಲನ್‌ಹಾರ್' ಯೋಜನೆ ತಂದು, ಅನಾಥ ಮಗುವನ್ನು ಸಾಕುವ ಬಂಧುಗಳ ಕೈಗೇ ತಿಂಗಳ ಹಣ ಕೊಟ್ಟಿತು. ಅದು ಮೊದಲು ಶುರುವಾದದ್ದು ಪರಿಶಿಷ್ಟ ಜಾತಿಯ ಮಕ್ಕಳಿಗೆ. ಉಳಿದವರಿಗೆ ಆಮೇಲೆ ಹಬ್ಬಿತು. 2015ರ ಬಾಲನ್ಯಾಯ ಕಾಯ್ದೆ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಅಂದಿತು. ಕೋವಿಡ್ ಬಂದಾಗ, 2021ರಲ್ಲಿ, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳ ಪಾಲಕರಿಗೆ ತಿಂಗಳಿಗೆ 3,500 ರೂಪಾಯಿ ಅಂತ ಕರ್ನಾಟಕ ಘೋಷಿಸಿತು. 2022ರ ಮಿಷನ್ ವಾತ್ಸಲ್ಯದ ನಿಯಮಗಳು ಪ್ರಾಯೋಜಕತ್ವದ ಹೆಸರಲ್ಲಿ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದವು. ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳೂ ಅದರಲ್ಲಿ ಸೇರಿದ್ದಾರೆ.

ಆದರೆ ಒಂದು ಗೆರೆ ಎಳೆದಿದ್ದಾರೆ: ಹಳ್ಳಿಯ ಕುಟುಂಬದ ಆದಾಯ ವರ್ಷಕ್ಕೆ 72,000 ರೂಪಾಯಿ ದಾಟಬಾರದು. ಅಂದ್ರೆ ತಿಂಗಳಿಗೆ ಆರು ಸಾವಿರ. ಅಜ್ಜಿಯ ಜೊತೆ ಚಿಕ್ಕಪ್ಪನೂ ನಾಲ್ಕು ದಿನ ಹೆಚ್ಚು ಕೂಲಿಗೆ ಹೋದರೆ ಗೆರೆ ದಾಟಿದಂತೆ. ಇನ್ನೊಂದು ಪ್ರಶ್ನೆ: ಸಾತಾರದ ಭೀಮರಾವ್ ಅನಾಥನಲ್ಲ. ಅಪ್ಪ ಬದುಕಿದ್ದರು, ದೂರದಲ್ಲಿ ದುಡಿಯುತ್ತಿದ್ದರು. ಇವತ್ತು ಗುಳೆ ಹೋದವರು ಅಜ್ಜಿಯ ಮಡಿಲಿಗೆ ಹಾಕಿ ಹೋದ ಕೂಸುಗಳಿಗೆ ಯಾವ ಪಟ್ಟಿ?

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹಾಜರಿ ಪುಸ್ತಕ ತೆರೆಯಿರಿ. ಯಾವ ಮಗುವನ್ನು ಅಜ್ಜಿ ಸಾಕ್ತಿದ್ದಾಳೆ, ಯಾವ ಮಗುವನ್ನು ಅತ್ತೆ ಸಾಕ್ತಿದ್ದಾಳೆ, ಗುರುತು ಹಾಕಿ. ಅಕ್ಷರ ಬಾರದ ಆಕೆಯ ಪರವಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆದುಕೊಡಿ. ಸಂಘಟನೆಯ ಹುಡುಗರು ಅರ್ಜಿಯ ಬೆನ್ನು ಹತ್ತಲಿ. ಆದಾಯದ ಗೆರೆ ಅಳಿಸಿ ಅಂತ ಕೇಳಲಿ. ಇದು ಭಿಕ್ಷೆಯಲ್ಲ. ಮೀರಾಬಾಯಿಗೆ ಸಿಗದೇ ಹೋದದ್ದು, ಈ ಅತ್ತೆಯರಿಗಾದರೂ ಸಿಗಬೇಕು.