ಚಾಮರಾಜನಗರಕ್ಕೆ ಬಂದರೆ ಮುಖ್ಯಮಂತ್ರಿ ಕುರ್ಚಿ ಹೋಗುತ್ತದೆಯೇ?

ಹೇಳಿಕೆ: ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ.

ನಮ್ಮ ತೀರ್ಮಾನ: ಸುಳ್ಳು.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಈ ಮಾತು ಕೇಳದವರು ಕಡಿಮೆ. ಪುರಾವೆಯಾಗಿ ಕೊಡುವ ಪಟ್ಟಿ ಇದು: ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್. 1997ರಲ್ಲಿ ಹೊಸ ಜಿಲ್ಲೆಯನ್ನು ಜೆ.ಎಚ್. ಪಟೇಲರು ಉದ್ಘಾಟಿಸಿದ್ದೂ ಜಿಲ್ಲಾ ಕೇಂದ್ರದಲ್ಲಲ್ಲ, ಈಗ ಹನೂರು ತಾಲ್ಲೂಕಿನಲ್ಲಿರುವ ಮಲೆ ಮಹದೇಶ್ವರ ಬೆಟ್ಟದಲ್ಲಿ.

ಪಟ್ಟಿಯಲ್ಲಿ ಇಲ್ಲದವರು ಯಾರು?

ಪಟ್ಟಿಯನ್ನು ಹಾಗೇ ಒಪ್ಪಿಕೊಂಡರೂ ಅದು ಅರ್ಧ ಲೆಕ್ಕ. ಬೆಟ್ಟದಿಂದಲೇ ಉದ್ಘಾಟಿಸಿದ ಪಟೇಲರು 1999ರಲ್ಲಿ ಅಧಿಕಾರ ಕಳೆದುಕೊಂಡರು. ಪಟ್ಟಣದಿಂದ ದೂರವೇ ಉಳಿದ ಬಿ.ಎಸ್. ಯಡಿಯೂರಪ್ಪ 2011ರಲ್ಲೂ 2021ರಲ್ಲೂ ರಾಜೀನಾಮೆ ಕೊಟ್ಟರು. ಅರಸು ಅವರ ಮೊದಲ ಅವಧಿಯ ನಂತರ 2013ರವರೆಗೆ ಬಂದವರಾಗಲಿ ಬಾರದವರಾಗಲಿ ಒಂದು ವಿಧಾನಸಭೆಯ ಐದು ವರ್ಷ ಪೂರ್ತಿ ಆಳಲಿಲ್ಲ. ಹಲವು ಬಾರಿ ಬಂದುಹೋದ ಸಿದ್ದರಾಮಯ್ಯ 2013–18ರ ಅವಧಿ ಮುಗಿಸಿದರು.

‘ಆದರೂ 2018ರಲ್ಲಿ ಸೋತರಲ್ಲ?’ ಎನ್ನುವವರಿದ್ದಾರೆ. ಗಡುವೇ ಇಲ್ಲದ ಭವಿಷ್ಯ ಎಂದೂ ಸುಳ್ಳಾಗುವುದಿಲ್ಲ. ಎಲ್ಲ ಮುಖ್ಯಮಂತ್ರಿಗಳೂ ಒಂದು ದಿನ ಇಳಿಯಲೇಬೇಕು.

ಮನಸ್ಸು ಹೀಗೇಕೆ ಮಾಡುತ್ತದೆ?

ನಂಬಿದ್ದಕ್ಕೆ ಹೊಂದುವ ಘಟನೆ ನೆನಪಿನಲ್ಲಿ ಉಳಿಯುತ್ತದೆ, ಹೊಂದದ್ದು ಜಾರಿಹೋಗುತ್ತದೆ. ಇದಕ್ಕೆ ದೃಢೀಕರಣ ಪಕ್ಷಪಾತ ಎನ್ನುತ್ತಾರೆ. ಓದಿದವರೂ ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. ಅದಕ್ಕೇ ಹೊಸ ಔಷಧಿಯನ್ನು ಪರೀಕ್ಷಿಸುವಾಗ ಅದನ್ನು ತೆಗೆದುಕೊಳ್ಳದ ಇನ್ನೊಂದು ಗುಂಪನ್ನೂ ಇಟ್ಟು ಹೋಲಿಸುತ್ತಾರೆ. ಯಾರಿಗೆ ಯಾವುದು ಕೊಟ್ಟಿದೆ ಎಂಬುದನ್ನು ಸಾಧ್ಯವಾದಲ್ಲಿ ರೋಗಿಗೂ ವೈದ್ಯರಿಗೂ ತಿಳಿಸುವುದಿಲ್ಲ.

ಕುರ್ಚಿಯ ವಿಷಯದಲ್ಲಿ ಇದು ಹರಟೆ, ಹಾವು ಕಚ್ಚಿದಾಗ ಪ್ರಾಣದ ಪ್ರಶ್ನೆ

‘ನಾಟಿ ಔಷಧಿಯಿಂದ ಎಷ್ಟೋ ಜನ ಬದುಕಿದ್ದಾರೆ’ ಎಂಬುದೂ ಇಂಥದೇ ಪಟ್ಟಿ. ಹೆಚ್ಚಿನ ಹಾವುಗಳಿಗೆ ಪ್ರಾಣ ತೆಗೆಯುವ ವಿಷವಿಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಏನೂ ಕೊಡದಿದ್ದರೂ ಬದುಕುತ್ತಿದ್ದರು. ಉಳಿದವರು ಕಥೆ ಹೇಳುತ್ತಾರೆ, ಸತ್ತವರು ಹೇಳುವುದಿಲ್ಲ. ಕಟ್ಟುಹಾವಿನ ವಿಷದ ಲಕ್ಷಣ ಕಾಣಲು ಗಂಟೆಗಳೇ ಹಿಡಿಯಬಹುದು. ಗಾಯ ಕುಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಫಾರ್ವರ್ಡ್ ಮಾಡುವ ಮುನ್ನ ಕೇಳಿ

• ಹಾಗೆ ಮಾಡಿದವರಲ್ಲಿ ಎಷ್ಟು ಜನರಿಗೆ ಆಯಿತು? ಎಷ್ಟು ಜನರಿಗೆ ಆಗಲಿಲ್ಲ?
• ಮಾಡದವರಲ್ಲಿ ಎಷ್ಟು ಜನರಿಗೆ ಆಯಿತು? ಎಷ್ಟು ಜನರಿಗೆ ಆಗಲಿಲ್ಲ?

ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೆಯ ಲೆಕ್ಕ ಮಾತ್ರ ಇರುತ್ತದೆ. ಉಳಿದ ಮೂರೂ ಸಿಗುವವರೆಗೆ ಕಳುಹಿಸಬೇಡಿ.