ಆರು ಪೆನ್ನಿಗೆ ಒಂದು ಬಾಗಿಲು

ಕೆಲಸ ಹುಡುಕಿಕೊಂಡು ಮೊದಲ ಸಲ ಬೆಂಗಳೂರಿಗೆ ಬಂದಾಗ ಮೆಜೆಸ್ಟಿಕ್ ಹತ್ತಿರದ ಒಂದು ಲಾಡ್ಜಿನ ಡಾರ್ಮಿಟರಿಯಲ್ಲಿ ನಾಲ್ಕು ರಾತ್ರಿ ಕಳೆದಿದ್ದೆ. ಒಂದೇ ಹಾಲು, ಹದಿನಾರು ಮಂಚ. ಚಪ್ಪಲಿಯನ್ನು ದಿಂಬಿನ ಕೆಳಗಿಟ್ಟು, ಸರ್ಟಿಫಿಕೇಟಿನ ಫೈಲನ್ನು ತಬ್ಬಿಕೊಂಡು ಮಲಗಿದ್ದು ಈಗಲೂ ನೆನಪಿದೆ. ನನಗೆ ಬೇಕಾಗಿದ್ದದ್ದು ಮೆತ್ತನೆಯ ಹಾಸಿಗೆಯಲ್ಲ, ಹಾಕಿಕೊಳ್ಳಲು ಒಂದು ಬಾಗಿಲು ಅಷ್ಟೆ. ಲಂಡನ್ನಿನ ರೌಟನ್ ಹೌಸುಗಳ ಕಥೆ ಓದಿದಾಗ ಆ ನಾಲ್ಕು ರಾತ್ರಿಗಳು ಕಣ್ಮುಂದೆ ಬಂದವು.

ಹತ್ತೊಂಬತ್ತನೇ ಶತಮಾನದ ಲಂಡನ್ನಿಗೆ ಬಂದರು, ರೈಲು, ಕಟ್ಟಡ ಕೆಲಸ ಎಂದು ಸಾವಿರಾರು ಗಂಡಸರು ಬರುತ್ತಿದ್ದರು. ದಿನಗೂಲಿಯವನಿಗೆ ಮನೆ ಯಾರು ಕೊಡುತ್ತಾರೆ? ಅವರಿಗೆ ಇದ್ದದ್ದು ರಾತ್ರಿಗಿಷ್ಟು ಎಂದು ದುಡ್ಡು ಕೊಟ್ಟು ಮಲಗುವ ಅಗ್ಗದ ವಸತಿಗಳು. ಒಂದೇ ಕೋಣೆಯಲ್ಲಿ ಹತ್ತಾರು ಜನ, ತಿಗಣೆ, ಹೇನು, ಕಳ್ಳತನ. ಇನ್ನೂ ಅಗ್ಗದ ವ್ಯವಸ್ಥೆಯೂ ಇತ್ತು. ಬೆಂಚಿನ ಮೇಲೆ ಸಾಲಾಗಿ ಕೂತು, ಮುಂದೆ ಕಟ್ಟಿದ ಹಗ್ಗಕ್ಕೆ ಒರಗಿ ನಿದ್ದೆ ಮಾಡುವುದು! ಅದಕ್ಕೆ ಎರಡು ಪೆನ್ನಿ.

ಇಂಥ ವಸತಿಗಳು ನೋಂದಣಿಯಾಗಬೇಕು, ಅವುಗಳ ತಪಾಸಣೆ ನಡೆಯಬೇಕು ಎಂದು 1851ರಲ್ಲಿ ಕಾನೂನು ಬಂತು. ಅದರ ಹಿಂದಿದ್ದವರು ಲಾರ್ಡ್ ಶಾಫ್ಟ್ಸ್‌ಬರಿ. ಆದರೆ ಕಾನೂನು ಕೊಳಕನ್ನು ಸ್ವಲ್ಪ ಕಡಿಮೆ ಮಾಡಬಲ್ಲದು, ಒಳ್ಳೆಯ ಕೋಣೆ ಕಟ್ಟಿಕೊಡಲಾರದು. ಆ ಕೆಲಸ ಮಾಡಿದ್ದು ಅವರ ಸೋದರಳಿಯ, ಮಾಂಟೆಗ್ಯೂ ಕೋರಿ. ಪ್ರಧಾನಿ ಡಿಸ್ರೇಲಿಯ ಆಪ್ತ ಕಾರ್ಯದರ್ಶಿಯಾಗಿದ್ದ ಈತನಿಗೆ 1880ರಲ್ಲಿ ಲಾರ್ಡ್ ರೌಟನ್ ಎಂಬ ಪದವಿ ಸಿಕ್ಕಿತು.

ಬಡವರ ಮನೆಗಳಿಗಾಗಿ 1890ರಲ್ಲಿ ಶುರುವಾದ ಗಿನ್ನೆಸ್ ಟ್ರಸ್ಟಿನಲ್ಲಿ ರೌಟನ್ ಒಬ್ಬ ಟ್ರಸ್ಟಿ. ಅಗ್ಗದ ವಸತಿಗಳನ್ನು ಕಣ್ಣಾರೆ ನೋಡಿ ಬಂದ ಮೇಲೆ, ಒಂಟಿ ಗಂಡಸರಿಗೂ ಒಳ್ಳೆಯ ವಸತಿ ಬೇಕು ಎಂದ. ಟ್ರಸ್ಟು ಒಪ್ಪಲಿಲ್ಲ. ಆಗ ತನ್ನದೇ 30,000 ಪೌಂಡು ಹಾಕಿ ವಾಕ್ಸ್‌ಹಾಲಿನಲ್ಲಿ ಕಟ್ಟಿಸಿದ. ಅದು 1892ರ ಡಿಸೆಂಬರ್ 31ರಂದು ಬಾಗಿಲು ತೆರೆಯಿತು. ಬಾಡಿಗೆ ರಾತ್ರಿಗೆ ಆರು ಪೆನ್ನಿ.

ಆರು ಪೆನ್ನಿಗೆ ಏನು ಸಿಗುತ್ತಿತ್ತು? ಒಬ್ಬನಿಗೇ ಒಂದು ಪುಟ್ಟ ಗೂಡು. ಸುಮಾರು ಏಳೂವರೆ ಅಡಿ ಉದ್ದ, ಐದು ಅಡಿ ಅಗಲ. ಮಂಚ, ಶುಭ್ರ ಹೊದಿಕೆ, ಒಂದು ಕಿಟಕಿ. ನಡುವಿನ ಗೋಡೆ ಸೂರಿನವರೆಗೆ ಇರಲಿಲ್ಲ ನಿಜ, ಪಕ್ಕದವನ ಗೊರಕೆ ಕೇಳಿಸುತ್ತಿತ್ತು. ಆದರೂ ಬಾಗಿಲು ತನ್ನದು! ಕೆಳಗೆ ಊಟದ ಹಾಲು, ಓದುವ ಕೋಣೆ, ಬಿಸಿನೀರು, ಬಟ್ಟೆ ಒಗೆಯಲು ಜಾಗ. ವಾರಕ್ಕೆ ಮೂರೂವರೆ ಶಿಲ್ಲಿಂಗ್ ಆಗುತ್ತಿತ್ತು. ಕೂಲಿಯವನಿಗೆ ಅದು ಸಣ್ಣ ಮೊತ್ತವೇನಲ್ಲ, ದಿನವೂ ಕೆಲಸ ಸಿಕ್ಕದವನಿಗೆ ಇದೂ ದುಬಾರಿಯೇ. ಹೆಂಗಸರಿಗಂತೂ ಪ್ರವೇಶವೇ ಇರಲಿಲ್ಲ.

ಇದು ದಾನ ಅಲ್ಲ ಎಂಬುದು ಗಮನಿಸಬೇಕಾದ ಮಾತು. ವಾಕ್ಸ್‌ಹಾಲಿನ ಮನೆ ತುಂಬಿತು, ಖರ್ಚು ಕಳೆದು ಲಾಭ ಉಳಿಯಿತು. 1894ರಲ್ಲಿ ಕಂಪನಿಯಾಯಿತು, ಷೇರುದಾರರಿಗೆ ಲಾಭಾಂಶ ಬಂತು. ಕಿಂಗ್ಸ್ ಕ್ರಾಸ್, ನ್ಯೂಯಿಂಗ್ಟನ್ ಬಟ್ಸ್, ಹ್ಯಾಮರ್‌ಸ್ಮಿತ್, ವೈಟ್‌ಚಾಪೆಲ್, ಕೊನೆಗೆ 1905ರಲ್ಲಿ ಸಾವಿರಕ್ಕೂ ಹೆಚ್ಚು ಗೂಡುಗಳ ಕ್ಯಾಮ್ಡೆನ್ ಟೌನಿನ ಆರ್ಲಿಂಗ್ಟನ್ ಹೌಸ್. 1897ರಲ್ಲಿ ನ್ಯೂಯಾರ್ಕಿನಲ್ಲಿ ಮಿಲ್ಸ್ ಹೌಸ್ ಇದೇ ಮಾದರಿಯಲ್ಲಿ ಎದ್ದಿತು, ರಾತ್ರಿಗೆ 20 ಸೆಂಟು. ವಿಯೆನ್ನಾದಲ್ಲಿ 1905ರಲ್ಲಿ ಶುರುವಾದ ಗಂಡಸರ ವಸತಿಯಲ್ಲಿ 1910ರಿಂದ 1913ರವರೆಗೆ ಚಿತ್ರ ಬರೆದು ಮಾರುತ್ತಿದ್ದ ಒಬ್ಬ ಯುವಕ ಇದ್ದ. ಹೆಸರು ಅಡಾಲ್ಫ್ ಹಿಟ್ಲರ್! ವೈಟ್‌ಚಾಪೆಲಿನ ಮನೆಯಲ್ಲಿ 1907ರಲ್ಲಿ ಸ್ಟಾಲಿನ್ ಉಳಿದಿದ್ದ ಎಂದೂ ಹೇಳುತ್ತಾರೆ.

ಎಲ್ಲರೂ ಮೆಚ್ಚಲಿಲ್ಲ. ಅಮೆರಿಕದ ಲೇಖಕ ಜ್ಯಾಕ್ ಲಂಡನ್ 1902ರಲ್ಲಿ ಈಸ್ಟ್ ಎಂಡಿನ ಬಡವರ ನಡುವೆ ಬದುಕಿ, ಇಂಥ ದೊಡ್ಡ ವಸತಿಗಳು ಮನುಷ್ಯನ ಬಾಳಿಗೆ ತಕ್ಕವಲ್ಲ ಎಂದು ಬರೆದ. ಜಾರ್ಜ್ ಆರ್ವೆಲ್ 1933ರ ಪುಸ್ತಕದಲ್ಲಿ, ಅಗ್ಗದ ವಸತಿಗಳಲ್ಲೆಲ್ಲ ರೌಟನ್ ಹೌಸೇ ಮೇಲು ಎಂದ, ಜೊತೆಗೇ ಅಲ್ಲಿನ ಕಟ್ಟುನಿಟ್ಟಿನ ಬಗ್ಗೆ ಗೊಣಗಿದ. ಆ ಹೊತ್ತಿಗೆ ಬಾಡಿಗೆ ಒಂದು ಶಿಲ್ಲಿಂಗ್ ಆಗಿತ್ತು.

ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ. ಹಗಲು ಗೂಡಿಗೆ ಹೋಗುವ ಹಾಗಿಲ್ಲ, ಹೆಂಡತಿ ಮಕ್ಕಳನ್ನು ಕರೆತರುವ ಹಾಗಿಲ್ಲ. ಅದು ಮನೆ ಆಗಲೇ ಇಲ್ಲ. ಆದರೆ ಹಗ್ಗಕ್ಕೆ ಒರಗಿ ಮಲಗಿದವನನ್ನು ಕೇಳಿ, ಆ ಬಾಗಿಲಿನ ಬೆಲೆ ಅವನು ಹೇಳುತ್ತಿದ್ದ.

ವೈಟ್‌ಚಾಪೆಲಿನ ಕಟ್ಟಡ ವರ್ಷಗಟ್ಟಲೆ ಪಾಳುಬಿದ್ದು, ಈ ಶತಮಾನದ ಮೊದಲ ದಶಕದಲ್ಲಿ ಫ್ಲ್ಯಾಟುಗಳಾಯಿತು. ಐರಿಶ್ ಕೂಲಿಗಳು ಬಹಳ ಕಾಲ ಬಾಳಿದ ಆರ್ಲಿಂಗ್ಟನ್ ಹೌಸ್ ಮಾತ್ರ 2010ರಲ್ಲಿ ನವೀಕರಣಗೊಂಡು, ಮನೆಯಿಲ್ಲದವರ ವಸತಿಯಾಗಿಯೇ ಉಳಿದುಕೊಂಡಿತು.

ನಮ್ಮ ಬೆಂಗಳೂರಿನಲ್ಲಿ ಮೆಟ್ರೋ ಕಂಬ, ಅಪಾರ್ಟ್‌ಮೆಂಟ್ ಕಟ್ಟುವವರು ತಗಡಿನ ಶೆಡ್ಡುಗಳಲ್ಲಿ ಸಾಲಾಗಿ ಮಲಗುವುದನ್ನು ನೋಡುತ್ತಲೇ ಇದ್ದೇವೆ. ಇನ್ನೊಮ್ಮೆ ಅಂಥ ಶೆಡ್ಡಿನ ಮುಂದೆ ಹಾದು ಹೋಗುವಾಗ ಸ್ವಲ್ಪ ನೋಡಿ, ಅದಕ್ಕೆ ಎಷ್ಟು ಬಾಗಿಲಿವೆ ಅಂತ.